ಎರವಲು ಕೊಟ್ಟ ಬಂದೂಕು

ಡೆಲ್ ಕಂಗಾಸ್ ತನ್ನ ಅಟ್ಟಣೆಯನ್ನು ನನಗೆ ಬಿಟ್ಟುಕೊಟ್ಟ ದಿನವೇ ನನ್ನ ಎದೆ ಧಸಕ್ಕೆಂದಿತು.

ಉತ್ತರದ ಈ ಹಿಮದ ಸೀಮೆಯಲ್ಲಿ ನಮ್ಮ ಕಡೆಯ ಗಂಡಸರು ದೋಣಿ ಕೊಟ್ಟಾರು, ಟ್ರಕ್ ಕೊಟ್ಟಾರು, ತೀರಾ ಸಿಟ್ಟು ಬಂದರೆ ಮನೆಯನ್ನೇ ಬಿಟ್ಟು ಹೋದಾರು. ಜಿಂಕೆ ಬೇಟೆಗೆಂದು ಕಾಡಿನ ಮರದ ಮೇಲೆ ಕಟ್ಟಿಕೊಂಡ ಅಟ್ಟಣೆಯನ್ನು ಮಾತ್ರ ಕೊಡುವುದಿಲ್ಲ. ಅದು ಎಲ್ಲಿದೆ ಎಂದು ಒಡಹುಟ್ಟಿದವರಿಗೂ ಹೇಳುವುದಿಲ್ಲ. ಡೆಲ್ ನನ್ನ ಹಾರ್ಡ್‌ವೇರ್ ಅಂಗಡಿಗೆ ಬಂದು ಒಂದು ಹಿಡಿ ಮೊಳೆ ಕೊಂಡ. ಹೋಗುತ್ತಾ ಬಾಗಿಲಲ್ಲಿ ನಿಂತು, "ಈ ಸಲ ನನ್ನ ಅಟ್ಟಣೇಲಿ ನೀನೇ ಕೂತ್ಕೋ ರಾಡ್. ನಂಗೆ ಬೇಕಾಗಲ್ಲ" ಎಂದ. ಮಳೆ ಬರುವ ಹಾಗಿದೆ ಎಂದಷ್ಟೇ ಸಲೀಸಾಗಿ ಹೇಳಿದ. ಬೇಟೆಯ ಕಾಲ ಶುರುವಾಗಲು ಇನ್ನು ಒಂದು ವಾರವೂ ಇರಲಿಲ್ಲ.

ಅವನ ಹೆಂಡತಿ ಇರ್ಮಾ ಜೂನ್‌ನಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಮನುಷ್ಯ ಅರ್ಧಕ್ಕರ್ಧ ಇಳಿದುಹೋಗಿದ್ದ. ದುಃಖ ತಾನೇ, ಕಾಲ ಕಳೆದರೆ ಸರಿಹೋಗುತ್ತಾನೆ ಎಂದು ನಾವೆಲ್ಲ ನಮಗೆ ನಾವೇ ಹೇಳಿಕೊಂಡಿದ್ದೆವು. ಆದರೆ ಆ ಅಟ್ಟಣೆಯ ಮಾತು ಕೇಳಿದ ಮೇಲೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ.

ಅದೇ ಸಂಜೆ ಅವನ ಮಗಳು ಕೈಸಾ ಫೋನ್ ಮಾಡಿದಳು. ಅವಳು ಸರೋವರದ ಮೇಲಿನ ದೊಡ್ಡ ಸೇತುವೆಯಾಚೆ, ದೂರದ ದಕ್ಷಿಣದಲ್ಲಿ ಟೀಚರ್. ಮೂರು ವರ್ಷದ ಹಿಂದೆ ಅವಳ ಶಾಲೆಗೆ ಒಬ್ಬ ಬಂದೂಕು ಹಿಡಿದು ನುಗ್ಗಿದ್ದ. ದೀಪ ಆರಿಸಿದ ಕ್ಲಾಸಿನಲ್ಲಿ ಬಾಗಿಲಿಗೆ ಬೆಂಚು ಒಡ್ಡಿ, ಮಕ್ಕಳ ಬಾಯಿ ಮುಚ್ಚಿಕೊಂಡು ಕೂತಿದ್ದಳು ಹುಡುಗಿ. ಅಲ್ಲಿಂದ ಮುಂದೆ ಮೆರವಣಿಗೆ, ಫಲಕ, ಶಾಸಕರ ಬಾಗಿಲು ಎಂದು ತಿರುಗತೊಡಗಿದಳು. ಇತ್ತ ಡೆಲ್, ಬಂದೂಕು ನಮ್ಮ ಹಕ್ಕು ಎಂದು ಬರೆದ ಟೋಪಿಯನ್ನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಅಪ್ಪ ಮಗಳು ಸೇರಿದರೆ ಕಿಟಕಿಯ ಗಾಜು ನಡುಗಬೇಕು. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ ಎಂದು ನಾನೊಮ್ಮೆ ಬಾಯಿಬಿಟ್ಟಿದ್ದೆ. ಇಬ್ಬರೂ ಒಂದಾಗಿ ನನ್ನನ್ನು ಹರಿದು ಮುಕ್ಕಿದ್ದರು. ನನ್ನ ಮನೆಯಲ್ಲೂ ಬಂದೂಕುಗಳಿವೆ. ಕಿತ್ತುಕೊಳ್ಳಲು ಬಂದರೆ ನಾನೂ ಸುಮ್ಮನಿರುವವನಲ್ಲ. ಹಾಗಂತ ಆ ಹುಡುಗಿಯ ಮುಖ ನೋಡಿ ವಾದಿಸುವ ಧೈರ್ಯವೂ ನನಗಿಲ್ಲ.

"ರಾಡ್ ಅಂಕಲ್, ಅಪ್ಪಂಗೆ ಏನೋ ಆಗಿದೆ" ಎಂದಳು ಕೈಸಾ. "ನಿನ್ನೆ ಬೇಕಂತಲೇ ಕೆಣಕಿದೆ. ಬಂದೂಕೆಲ್ಲ ಸರ್ಕಾರ ಕಿತ್ಕೊಂಡು ಕರಗಿಸ್ಬೇಕು ಅಂದೆ. 'ಆಗ್ಲಿ ಮಗಳೇ' ಅಂದುಬಿಟ್ಟ. ಅಂಕಲ್, ನಮ್ಮಪ್ಪ 'ಆಗ್ಲಿ' ಅಂದ!"

ಅಟ್ಟಣೆಯ ವಿಷಯ ಹೇಳಿದೆ. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ, ಇಲ್ಲೇ ಹುಟ್ಟಿ ಬೆಳೆದವಳು.

"ಸೋಮವಾರ ಕೋರ್ಟಿಗೆ ಹೋಗ್ತೀನಿ. ಈಗ ಕಾನೂನಿದೆ. ಮನೆಯವರು ಕೇಳ್ಕೊಂಡ್ರೆ ಪೊಲೀಸರು ಬಂದು ಬಂದೂಕು ತಗೊಂಡು ಹೋಗ್ತಾರೆ."

"ನಿಮ್ಮಪ್ಪನ ಬಾಗಿಲಿಗೆ ಪೊಲೀಸರು ಬಂದ್ರೆ ಏನಾಗುತ್ತೆ ಅಂತ ಗೊತ್ತಲ್ವಾ ನಿಂಗೆ?"

"ಬರದೇ ಇದ್ರೆ ಏನಾಗುತ್ತೆ ಅಂತ ಗೊತ್ತಾ ನಿಮಗೆ?"

"ಶನಿವಾರ ಒಂದು ಕಳೀಲಿ ಪುಟ್ಟಿ. ಸೌನಾ ಇದೆ. ಅಲ್ಲಿ ಮಾತಾಡ್ತೀನಿ" ಎಂದೆ.

ಸೌನಾ ಎಂದರೆ ನಮ್ಮ ಉಗಿಮನೆ. ಫಿನ್‌ಲೆಂಡಿನಿಂದ ಗಣಿ ಕೆಲಸಕ್ಕೆಂದು ಬಂದ ನಮ್ಮ ಅಜ್ಜಂದಿರು ಮನೆಗಿಂತ ಮೊದಲು ಅದನ್ನೇ ಕಟ್ಟಿಕೊಂಡರು. ಅಲ್ಲಿ ಗಟ್ಟಿ ದನಿ ಕೂಡದು, ಜಗಳ ಕೂಡದು, ರಾಜಕೀಯವಂತೂ ಬಾಗಿಲಾಚೆಯೇ. ಚರ್ಚಿನಲ್ಲಿ ನಿದ್ದೆ ಮಾಡಿದರೆ ನಮ್ಮಜ್ಜಿ ಕ್ಷಮಿಸುತ್ತಿದ್ದಳು, ಸೌನಾದಲ್ಲಿ ದನಿ ಏರಿಸಿದರೆ ಬೆನ್ನಿಗೆ ಬೀಳುತ್ತಿತ್ತು. ನಾನೂ ಡೆಲ್ಲೂ ಚಿಕ್ಕಂದಿನಿಂದ ಶನಿವಾರದ ಮಧ್ಯಾಹ್ನ ಅವನ ಸೌನಾದಲ್ಲೇ ಕೂರುವವರು.

ಕಾದ ಕಲ್ಲುಗಳ ಮೇಲೆ ಡೆಲ್ ನೀರು ಸುರಿದ. ಉಗಿ ಬುಸ್ಸೆಂದು ಎದ್ದಿತು. ಟೋಪಿಯಿಲ್ಲದ ಅವನ ತಲೆ ಬಹಳ ಚಿಕ್ಕದಾಗಿ ಕಂಡಿತು.

"ಡೆಲ್, ನಿನ್ನ ಬಂದೂಕುಗಳನ್ನ ಸ್ವಲ್ಪ ದಿನ ನಾನು ಇಟ್ಕೋತೀನಿ."

ಅವನು ತುಟಿ ಕಚ್ಚಿಕೊಂಡ. "ಇದು ಸೌನಾ ಅಂತ ಬಚಾವಾದೆ ನೀನು."

"ಗೊತ್ತು. ಅದಕ್ಕೇ ಇಲ್ಲಿ ಕೇಳಿದ್ದು."

"ಕೈಸಾ ಹೇಳಿಕೊಟ್ಳಾ?"

"ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟಣೆ ಬಿಟ್ಟುಕೊಡ್ತೀಯ, ನಂಗೆ ಅಷ್ಟೂ ಅರ್ಥ ಆಗಲ್ವಾ? ಸಾಯೋ ಯೋಚನೆ ಮಾಡ್ತಿದೀಯಾ?"

ಕೇಳಿಯೇಬಿಟ್ಟೆ. ಡೆಲ್ ಇನ್ನೊಂದು ಸೌಟು ನೀರು ಸುರಿದ. ಉಗಿಯೊಳಗೆ ಅವನ ಮುಖ ಕಾಣಲಿಲ್ಲ.

"ಬೆಳಿಗ್ಗೆ ಎದ್ದು ಹಲ್ಲು ಯಾಕೆ ಉಜ್ಜಬೇಕು ಅನ್ಸುತ್ತೆ" ಎಂದ. ಸೌಟನ್ನು ಬಕೆಟ್ಟಿಗೆ ಹಾಕಿ, "ಹೂಂ. ಮಾಡ್ತಿದೀನಿ" ಎಂದ.

ಅವನ ಬೆವೆತ ಭುಜದ ಮೇಲೆ ಕೈ ಇಟ್ಟೆ. ಅವನು ಕೊಡವಲಿಲ್ಲ.

"ಆದ್ರೂ ಅದು ನನ್ನ ಹಕ್ಕು ಕಣೋ" ಎಂದು ಗೊಣಗಿದ.

"ಹಕ್ಕು ಯಾವನಿಗೆ ಬೇಕು? ಹಕ್ಕು ನಿನ್ನ ಹತ್ರಾನೇ ಇಟ್ಕೋ. ಕಬ್ಬಿಣ ಮಾತ್ರ ನಂಗೆ ಕೊಡು. ನೀನು ಕೇಳಿದ ದಿನ ವಾಪಸ್. ನಿನ್ನ ಮುಖ ನೋಡಿ ಕೊಡ್ತೀನಿ, ಅಷ್ಟೇ."

ಸೌನಾದ ಹೊರಗೆ ಕೇಳಿದ್ದರೆ ನನ್ನನ್ನು ಅಂಗಳದಾಚೆ ಎಸೆಯುತ್ತಿದ್ದ. ಒಳಗೆ ಬೈಯುವಂತಿಲ್ಲ, ಎದ್ದು ಹೋದರೆ ಸೋತಂತೆ. ಮುದುಕ ಕೊನೆಗೆ ಒಪ್ಪಿ ತಲೆಯಾಡಿಸಿದ.

ಬಟ್ಟೆ ಹಾಕಿಕೊಂಡ ಮೇಲೆ ತಾನೇ ಬೀರು ತೆಗೆದ. ಅವನಪ್ಪನ ಕಾಲದ್ದು, ಹಕ್ಕಿ ಹೊಡೆಯುವುದು, ಇರ್ಮಾ ಹುಟ್ಟುಹಬ್ಬಕ್ಕೆ ಕೊಡಿಸಿದ್ದು, ಒಂದೊಂದನ್ನೂ ಹೊರತೆಗೆದು, ಗುಂಡಿಲ್ಲವೆಂದು ತೆರೆದು ತೋರಿಸಿ, ಕಂಬಳಿಯಲ್ಲಿ ಸುತ್ತಿ ನನ್ನ ಟ್ರಕ್ಕಿಗಿಟ್ಟ.

"ಎಲ್ಲಾ ಕೊಟ್ಟೆ ತಾನೇ?" ಎಂದು ಕೇಳಿದೆ.

"ನಂದು ಅನ್ನೋದು ಒಂದೂ ಉಳಿದಿಲ್ಲ."

ಡೆಲ್ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಸಿಳ್ಳೆ ಹಾಕುತ್ತಾ ಮನೆಗೆ ಬಂದೆ. ನನ್ನ ಹೆಂಡತಿ ಡಾರ್ಲಾಗೆ, "ನೋಡಿದ್ಯಾ? ಕೋರ್ಟೂ ಇಲ್ಲ, ಪೊಲೀಸರೂ ಇಲ್ಲ" ಎಂದು ಜಂಬ ಕೊಚ್ಚಿದೆ. ಅವನ ಬಂದೂಕುಗಳನ್ನು ಒಳಗೆ ತಂದಿಟ್ಟು, ಅವಕ್ಕೆ ಜಾಗ ಮಾಡಲೆಂದು ನನ್ನ ಬೀರು ತೆಗೆದೆ. ಒಂದು ಕಡೆ ಆಗಲೇ ಜಾಗ ಖಾಲಿಯಿತ್ತು.

ಹೋದ ವರ್ಷ ಬೇಟೆಯ ಹೊತ್ತಿಗೆ ಡೆಲ್‌ನ ಬಂದೂಕು ರಿಪೇರಿಗೆ ಹೋಗಿತ್ತು. ಆಗ ನನ್ನದೊಂದನ್ನು ಅವನಿಗೆ ಎರವಲು ಕೊಟ್ಟಿದ್ದೆ. ನಮ್ಮಲ್ಲಿ ಬಂದೂಕು ಎಂದರೆ ಏಣಿಯಿದ್ದಂತೆ, ಹಿಮ ತೆಗೆಯುವ ಸಲಿಕೆಯಿದ್ದಂತೆ. ಪಕ್ಕದ ಮನೆಗೆ ಹೋದದ್ದು ಅಲ್ಲೇ ಇರುತ್ತದೆ, ಯಾರೂ ಕೇಳುವುದಿಲ್ಲ, ಯಾರೂ ನೆನಪಿಡುವುದಿಲ್ಲ. ಡೆಲ್ ಸುಳ್ಳು ಹೇಳಿರಲಿಲ್ಲ. ತನ್ನ ಅಡುಗೆಮನೆಯ ಬಾಗಿಲ ಹಿಂದೆ ಅವನು ಒರಗಿಸಿಟ್ಟಿದ್ದ ಆ ಬಂದೂಕು ಅವನದಲ್ಲ, ನನ್ನದು. ಉಳಿದ ದಾರಿಗಳನ್ನೆಲ್ಲ ಮುಚ್ಚಿ, ನನ್ನದೇ ಬಂದೂಕಿನ ಜೊತೆ ಅವನನ್ನು ಒಂಟಿಯಾಗಿ ಬಿಟ್ಟು ಬಂದಿದ್ದೆ.

ಫೋನ್ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್.

"ಅದನ್ನೇನು ಕುಟ್ತಾ ನಿಂತಿದೀಯಾ? ಓಡು!" ಎಂದು ಕಿರುಚಿದಳು ಡಾರ್ಲಾ.

ಹಿಮ ಬೀಳಲು ಶುರುವಾಗಿತ್ತು. ಟ್ರಕ್ ಓಡಿಸುತ್ತಾ ನನ್ನನ್ನು ನಾನು ಬಾಯಿಗೆ ಬಂದಂತೆ ಬೈದುಕೊಂಡೆ. ಟೀವಿಯಲ್ಲಿ ಟೈ ಕಟ್ಟಿಕೊಂಡು ಬಂದೂಕಿನ ಪರ ಕೂಗುವವರನ್ನೂ ಬೈದೆ, ವಿರುದ್ಧ ಕೂಗುವವರನ್ನೂ ಬೈದೆ. ದೇಶ ಏನಾದರೂ ಮಾಡಿಕೊಳ್ಳಲಿ. ನನಗೆ ನನ್ನ ಡೆಲ್ ಬೇಕಾಗಿತ್ತು.

ಅವನ ಮನೆಯ ದೀಪ ಉರಿಯುತ್ತಿತ್ತು, ಟ್ರಕ್ ಅಂಗಳದಲ್ಲೇ ಇತ್ತು, ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಬಾಗಿಲ ಹಿಂದೆ ನೋಡಿದೆ. ಬಂದೂಕು ಇರಲಿಲ್ಲ. ಡೆಲ್ ಎಂದು ಕೂಗಿದೆ.

ಸೌನಾಕ್ಕೆ ಓಡಿದೆ, ಕೊಟ್ಟಿಗೆಗೆ ಓಡಿದೆ. ಕಾಡಿನ ಕಡೆ ತಿರುಗಿದವನಿಗೆ ಹೊಸ ಹಿಮದಲ್ಲಿ ಬೂಟಿನ ಗುರುತು ಕಂಡಿತು. ಅದು ಕಾಡಿಗೆ ಹೋಗಿರಲಿಲ್ಲ. ಹಳೆಯ ರೈಲುದಾರಿ ಹಿಡಿದಿತ್ತು. ನನ್ನ ಮನೆಗೆ ಅದು ಒಳದಾರಿ.

ಬಿದ್ದು ಎದ್ದು ಓಡಿದೆ. ಹೊಳೆಯ ಸೇತುವೆ ದಾಟಿದ ಮೇಲೆ ಕಂಡ. ಬಗ್ಗಿದ ಬೆನ್ನು, ಹೆಗಲ ಮೇಲೆ ನನ್ನ ಬಂದೂಕು. ಕೂಗಿದ್ದಕ್ಕೆ ತಿರುಗಿ ನಿಂತು, "ಎಲ್ಲಿ ಸತ್ತಿದ್ದೆ?" ಎಂದು ಗದರಿದ. "ಆಗಿಂದ ಫೋನ್ ಮಾಡ್ತಿದೀನಿ, ಬರೀ ಎಂಗೇಜು! ನಿನ್ನ ಬಂದೂಕು ಬಿಟ್ಟು ಹೋಗಿದೀಯಲ್ಲೋ, ಮರೆಗುಳಿ!"

"ನಾನೂ ನಿಂಗೇ ಮಾಡ್ತಿದ್ದೆ! ಟ್ರಕ್ ತಗೊಂಡು ಬರೋಕೇನು ರೋಗ?"

ಡೆಲ್ ನನ್ನ ಮುಖ ನೋಡಲಿಲ್ಲ. "ಇದನ್ನ ಪಕ್ಕದಲ್ಲಿಟ್ಕೊಂಡು ಟ್ರಕ್ಕಲ್ಲಿ ಒಬ್ಬನೇ ಕೂರೋಕೆ ಧೈರ್ಯ ಬರ್ಲಿಲ್ಲ. ನಡೀತಾ ಇದ್ರೆ ಪರವಾಗಿಲ್ಲ ಅನ್ನಿಸ್ತು."

"ಗುಂಡು?"

"ಹೊಳೆಗೆ ಹಾಕ್ದೆ. ನಿಂದೇ ಗುಂಡು. ಬೈಬೇಡ."

ಹೋದ ಜೀವ ಬಂದಂತಾಗಿ ಹಿಮದ ಮೇಲೆ ಕುಸಿದು ಕೂತೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಡೆಲ್ ಬಂದೂಕನ್ನು ನನ್ನ ಮಡಿಲಲ್ಲಿಟ್ಟು ಪಕ್ಕದಲ್ಲೇ ಕೂತ. ಇಬ್ಬರು ಮುದುಕರು ಹಿಮ ಕರಗಿ ಚಡ್ಡಿ ಒದ್ದೆಯಾಗುವ ತನಕ ಹಾಗೇ ಕೂತಿದ್ದೆವು. ಅಷ್ಟು ಹಗುರವಾಗಿ ನಾನು ಯಾವತ್ತೂ ಉಸಿರಾಡಿರಲಿಲ್ಲ.

"ಕೈಸಾ ಊರಿಗೆ ಎಂಟು ಗಂಟೆ ದಾರಿ ಅಲ್ವಾ?" ಎಂದ ಆಮೇಲೆ.

"ಈ ಹಿಮದಲ್ಲಿ ಒಂಬತ್ತಾಗುತ್ತೆ."

"ಓಡಿಸ್ತೀಯಾ?"

ಅವನ ಅಂಗಳಕ್ಕೆ ವಾಪಸ್ ನಡೆದು, ನನ್ನ ಟ್ರಕ್ಕಿನಲ್ಲಿ ನಮ್ಮನೆಗೆ ಬಂದೆವು. ಬಂದೂಕನ್ನು ಡಾರ್ಲಾಳ ಕೈಗೆ ಕೊಟ್ಟು, ಬೀರುವಿನ ಕೀ ಎಲ್ಲಿಡುತ್ತೀಯೆಂದು ನನಗೂ ಹೇಳಬೇಡ ಎಂದೆ. ಟ್ರಕ್ ಹತ್ತಿದ ಮೇಲೆ ಕೈಸಾಗೆ ಫೋನ್ ಮಾಡಿ, "ಬಂದೂಕೆಲ್ಲ ನಮ್ಮನೇಲಿವೆ. ನಿಮ್ಮಪ್ಪ ನನ್ನ ಪಕ್ಕ ಕೂತಿದಾನೆ. ನಿಮ್ಮನೆಗೇ ಹೊರಟಿದೀವಿ" ಎಂದೆ. ಮೂಗು ಸೀಟಿದ ಸದ್ದು ಕೇಳಿತು. ಆಮೇಲೆ, "ಅಪ್ಪ ಈಗ ಏನು ತಿಂತಾನೆ?" ಎಂದಳು.

"ನಾಳೆ ಅವಳು ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ಬರ್ತೀನಿ ಅಂತ ಹೇಳು" ಎಂದ ಡೆಲ್, ಕಿಟಕಿಯಾಚೆ ನೋಡುತ್ತಾ. "ತಿನ್ನೋಕೆ ಏನಾದ್ರೂ ಸರಿ."

"ನಂಗೆ ಅಮ್ಮನ ಹಾಗೆ ಅಡುಗೆ ಬರಲ್ಲ ಅಂತ ಹೇಳಿ ಅಂಕಲ್" ಎಂದಳು ಅವಳು. ಅವಳಿಗೂ ಅವನಿಗೂ ಒಬ್ಬರ ದನಿ ಒಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

"ಪರವಾಗಿಲ್ಲ. ನಾವು ಬರೋ ತನಕ ಎಚ್ಚರವಾಗಿರು ಅಂತ ಹೇಳು" ಎಂದ ಡೆಲ್.

ಅಷ್ಟನ್ನೂ ಹೇಳಿ, ಗೇರು ಹಾಕಿ, ದಕ್ಷಿಣಕ್ಕೆ ಹೊರಟೆ.