ಕಾಯಿ ಕಟ್ಟುವ ಕೈ

ಬಿಸಿಲು ನೆತ್ತಿಗೆ ಬಂದು ಊರವರೆಲ್ಲ ನೆರಳು ಹುಡುಕಿ ಮಲಗಿದ ಮೇಲೆ ಯಮನೂರಮ್ಮ ಕುಂಬಳದ ಬಳ್ಳಿಗಳಿಗೆ ನೆರಳಾಗಿ ಹೊದಿಸಿದ ಶೇಡ್‌ನೆಟ್ಟಿನೊಳಗೆ ನುಸುಳಿದಳು. ಒಳಗೆ ಉರಿಯುವ ಒಲೆಯ ಮುಂದೆ ಕೂತಷ್ಟು ಕಾವು. ಸೊಸೆ ಸಹನಾಳ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕುಂಬಳದ ಎಳೆಗಾಯಿಯ ತೊಟ್ಟಿಗಿದ್ದ ನೀಲಿ ದಾರ ಬಿಚ್ಚಿ, ಅಲ್ಲಿ ತನ್ನ ಹಳದಿ ದಾರ ಕಟ್ಟತೊಡಗಿದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಬೆರಳೇ ಅವಳ ಕಣ್ಣು. ನುಣ್ಣಗೆ ಉಬ್ಬಿದ್ದು ಸಹನಾ ಕಟ್ಟಿಸಿದ ಕಾಯಿ. ಆಚೆ ಸಾಲಿನಲ್ಲಿ ಸುಕ್ಕುಗಟ್ಟಿ, ಮುಟ್ಟಿದರೆ ಉದುರುವಂಥವು ತನ್ನವು.

ಕುಷ್ಟಗಿ ಸೀಮೆಯ ಹೆಣ್ಣುಮಕ್ಕಳಿಗೆ ಈ ಕ್ರಾಸಿಂಗ್ ಕೆಲಸ ಹೊಸದಲ್ಲ. ಮೊದಲು ಬೀಜದ ಕಂಪನಿಗಳಿಗಾಗಿ ಮಾಡುತ್ತಿದ್ದರು. ಬೆಳಿಗ್ಗೆ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಒರೆಸಿ ತೊಟ್ಟಿಗೆ ದಾರ ಕಟ್ಟುವುದು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಯಾರ ಹೂವು ನಿಂತಿತು, ಯಾರದು ಉದುರಿತು ಎಂಬುದನ್ನು ಸೂಪರ್‌ವೈಸರ್ ದಾರ ನೋಡಿಯೇ ಹೇಳುತ್ತಿದ್ದ. ಆಮೇಲೆ, ಎರಡು ಬೇಸಿಗೆಯ ಹಿಂದೆ, ಕಂದು ಮೋಡ ಬಂದು ತಿಂಗಳುಗಟ್ಟಲೆ ಕದಲದೆ ಕೂತಿತು. ಜೇನುಹುಳ ಹೋದವು, ಚಿಟ್ಟೆ ಹೋದವು. ಜೋಳ, ಸಜ್ಜೆ ಆಳೆತ್ತರ ಬೆಳೆದು ತೆನೆ ಹಾಕಿದವು, ಆದರೆ ಹೂವಿನ ಪುಡಿಯೇ ಸತ್ತು ತೆನೆಯಲ್ಲಿ ಕಾಳಿಲ್ಲ. ಕೈಯಿಂದ ಒರೆಸಿದರೆ ಕುಂಬಳವೊಂದೇ ಕಾಯಿ ಕಟ್ಟುತ್ತಿತ್ತು, ಅದೂ ಎಲ್ಲರ ಕೈಗಲ್ಲ. ಹತ್ತು ಗಂಡು ಹೂವಿನಲ್ಲಿ ಒಂಬತ್ತರ ಪುಡಿ ಸತ್ತಿರುತ್ತಿತ್ತು. ಜೀವವಿರುವ ಒಂದನ್ನು ಕಣ್ಣಳತೆಯಲ್ಲೇ ಆರಿಸಬೇಕು. ಸಹನಾ ಅದನ್ನು ನಡೆನಡೆಯುತ್ತಲೇ ಆರಿಸುತ್ತಿದ್ದಳು.

ಆ ಜಾಣತನವೇ ಈಗ ಅವಳ ಕುತ್ತಿಗೆಗೆ ಬಂದಿತ್ತು. ಮುನಿರಾಬಾದಿನ ಕಡೆಯ ಹೊಳೆದಂಡೆಯ ತೋಟಗಳನ್ನೆಲ್ಲ ಹಿಡಿದು ಕೂತವರು ತಮ್ಮನ್ನು ಹೊಳೆ ಸಮಿತಿ ಎಂದು ಕರೆದುಕೊಳ್ಳುತ್ತಿದ್ದರು. ಹೂ ಬಿಡುವ ಸರದಿ ಬಂದಾಗೆಲ್ಲ ಊರಿಗೊಬ್ಬಳಂತೆ, ಯಾರ ದಾರದಲ್ಲಿ ಹೆಚ್ಚು ಕಾಯಿ ನಿಂತಿದೆಯೋ ಅವಳನ್ನು ತಮ್ಮ ತೋಟಗಳ ಹೂವಿಗೆ ಪುಡಿ ಒರೆಸಲು ಲಾರಿ ಹತ್ತಿಸುತ್ತಿದ್ದರು. ಹೋದ ಸಲ ಪಕ್ಕದ ಮನೆಯ ಅಮೃತಾ ಹೋದಳು. ಆಮೇಲೆ ಅವಳ ಸುದ್ದಿಯಿಲ್ಲ. ಕೂಸುಗಳನ್ನು ಜತೆಗೆ ಬಿಡುವುದಿಲ್ಲ. ಸಹನಾಳ ಕೂಸಿಗೆ ಏಳು ತಿಂಗಳು, ಎದೆಹಾಲೊಂದೇ ಆಧಾರ. ಅದರ ಅಪ್ಪ ಗಾಳೇಶ ಮೋಡದ ಕೆಮ್ಮು ಹಿಡಿದು ತೀರಿಹೋಗಿದ್ದ. ತಾಯಿಯನ್ನು ಒಯ್ದರೆ ಕೂಸು ನಾಲ್ಕು ದಿನವೂ ಬದುಕುವುದಿಲ್ಲ ಎಂಬುದನ್ನು ಯಮನೂರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏನ ಯಕ್ಕಾ, ಕುಂಬಳಕಾಯಿಗೆ ಸೀರಿ ಬದಲ್ಸಾಕತ್ತಿಯೇನ?"

ಯಮನೂರಮ್ಮನ ಕೈಯಿಂದ ಹಳದಿ ದಾರದ ಉಂಡೆ ಜಾರಿ ಬಾಗಿಲ ಕಡೆ ಉರುಳಿತು. ಬಾಗಿಲಲ್ಲಿ ನಿಂತಿದ್ದವಳು ಹೊಳಿಯಮ್ಮ, ಮುಂದಿನ ಸಾಲಿನ ಕೆಂಪು ದಾರದವಳು.

"ಸಾವಕಾಶ ಮಾತಾಡ, ಮಾರಾಯ್ತಿ."

"ನಿನಗ ಎಮ್ಮಿ ಯಾವುದು ಎತ್ತು ಯಾವುದು ಗೊತ್ತಾಗಂಗಿಲ್ಲ. ಹೊಳಿದಂಡಿಗೆ ಹೋಗಿ ಏನ್ ಕಡದ ಕಟ್ಟಿ ಹಾಕ್ತಿ?"

"ಏನೂ ಇಲ್ಲ. ಒರಸಿದ ಹೂವು ನಿಲ್ಲತಾವೋ ಉದರತಾವೋ ತಿಳಿಯಾಕ ಎಂಟ ದಿನ ಬೇಕಲ್ಲ? ಅಲ್ಲಿ ನೂರಾರು ಛಲೋ ಕೈ ಇರತಾವ. ಅದರಾಗ ಒಂದ ಮುದುಕಿ ಕೈ ಯಾರ ಕಣ್ಣಿಗೆ ಬೀಳ್ತೈತಿ? ಅಷ್ಟರಾಗ ಸಹನಾ ಕೂಸನ್ನ ಕಟ್ಟಿಕೊಂಡ ಯಲಬುರ್ಗಾ ಕಡೆ ತವರಿಗೆ ಹೋಗಿಬಿಡ್ತಾಳ. ಆ ಕಡೆ ಇವರ ಲಾರಿ ಇನ್ನೂ ಹೊಕ್ಕಿಲ್ಲ."

"ಎಂಟ ದಿನ ಆದ ಮ್ಯಾಲೆ ನಿನ್ನ ಗತಿ?"

"ಆ ದಾರ ಇತ್ತ ಕೊಡು. ಹೊತ್ತ ಹೋಕೈತಿ."

ಹೊಳಿಯಮ್ಮ ದಾರ ಕೊಟ್ಟು, ಪಕ್ಕದಲ್ಲಿ ಕೂತು ತಾನೂ ಗಂಟು ಬಿಚ್ಚತೊಡಗಿದಳು. "ಇಂಥಾ ಬುದ್ಧಿ ನಿನಗೊಬ್ಬಾಕಿಗೇ ಹೆಂಗ ಹೊಳೀತವ್ವಾ," ಎಂದು ತುಟಿ ಕಚ್ಚಿ ನಕ್ಕಳು. ನೀಲಿಯನ್ನು ಅವರು ಪೂರ್ತಿ ಬಿಚ್ಚಲಿಲ್ಲ. ತೀರ ಕಡಿಮೆ ಕಾಯಿಯಾದವಳಿಗೆ ಸಮಿತಿಯವರು ಊಟದ ಪಡಿ ಕೊಡುತ್ತಿರಲಿಲ್ಲ, ಸಹನಾಳ ಪಾಲು ತಪ್ಪಬಾರದಿತ್ತು.

ಮರುದಿನ ಬೆಳಿಗ್ಗೆ ಪ್ರಭುರಾಜ ಬಂದ. ಕಂಪನಿಯ ಕಾಲದಲ್ಲಿ ಇದೇ ಸಾಲುಗಳಿಗೆ ಬೈಕಿನಲ್ಲಿ ಬಂದು, ಅಕ್ಕಾ ಅವ್ವಾ ಎಂದು ಮಾತಾಡಿಸಿ ಚಹ ಕುಡಿದು ಹೋಗುತ್ತಿದ್ದ ಸೂಪರ್‌ವೈಸರ್ ಅವನು. ಈಗ ಹಿಂದೆ ಬಂದೂಕಿನವರು ಇಬ್ಬರು. ಸಾಲುಸಾಲು ನಡೆದು ಬಂದು ನಿಂತ.

"ಹಳದಿ ಯಾರದು?"

"ನಂದರೀ."

"ನಿಂದೇನ, ಯಮನೂರವ್ವ? ಹೋದ ಸಲ ಅರ್ಧಕ್ಕರ್ಧ ಉದುರಿದ್ದವಲ್ಲ."

"ಕೈ ಪಳಗೂದು ಬ್ಯಾಡೇನ್ರಿ?"

ಅವನು ಎರಡು ಗಂಡು ಹೂವು ಕಿತ್ತು ಅವಳ ಮುಖದ ಮುಂದೆ ಹಿಡಿದ. "ಇದರಾಗ ಜೀವ ಇರೂದು ಯಾವುದು?"

ಅವಳಿಗೆ ಕಂಡದ್ದು ಮಂಜಿನಲ್ಲಿ ಎರಡು ಹಳದಿ ಮಚ್ಚೆ. ಎಡಗಡೆಯದನ್ನು ತೋರಿಸಿದಳು. ಪ್ರಭುರಾಜ ಅದನ್ನು ಬೆರಳಲ್ಲಿ ಹೊಸಕಿದ. ಬೂದಿಯಂಥ ಸತ್ತ ಪುಡಿ ಗಾಳಿಗೆ ಹಾರಿತು.

"ಸಾಹೇಬ್ರ, ಅದು..." ಎಂದು ಸಹನಾ ಒಂದು ಹೆಜ್ಜೆ ಮುಂದೆ ಬಂದಳು.

"ಕೂಸು ಅಳಾಕತ್ತೈತಿ, ಮನಿಗೆ ಹೋಗ ನೀ," ಎಂದು ಯಮನೂರಮ್ಮ ಗದರಿದಳು. ಕೂಸು ಸಹನಾಳ ಬೆನ್ನ ಮೇಲೆ ಗಾಢ ನಿದ್ದೆಯಲ್ಲಿತ್ತು.

ಪ್ರಭುರಾಜ ಕೂಸನ್ನು ನೋಡಿದ, ಮುದುಕಿಯನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡ. "ಹಳದಿ. ಯಮನೂರವ್ವ. ಲಾರಿ ಹತ್ತು. ನನಗ ಊರಿಗೊಂದ ಹೆಸರು ಬೇಕು, ಅಷ್ಟ."

ಲಾರಿಯ ಹತ್ತಿರ ಸಹನಾ ಕೈ ಬಿಡಲೊಲ್ಲದೆ ಅತ್ತಳು. ಯಮನೂರಮ್ಮ ಅವಳ ಕಿವಿಯಲ್ಲಿ ಹೇಳಿದಳು: "ಇವತ್ತ ಗಡಿಬಿಡಿ ಮಾಡಿ ಹೋಗಬ್ಯಾಡ, ಸಂಶೆ ಬರ್ತೈತಿ. ನಾಕ ದಿನ ಸುಮ್ಮನ ಕೆಲಸಕ್ಕ ಹೋಗು. ಹಾದಿಗೆ ಎರಡ ಬಲತ ಕಾಯಿ ಕೂಡಿಟ್ಟಕೊಂಡ, ಆಮ್ಯಾಲೆ ಹೋಗು."

ತಾಡಪತ್ರಿ ಮುಚ್ಚಿದ ಲಾರಿಯೊಳಗೆ ಕತ್ತಲು. ತಡವಿಕೊಂಡು ಕೂತಾಗ ಮಗ್ಗುಲಿನಿಂದ ಒಂದು ದನಿ, "ಯಾವೂರಬೇ?" ಎಂದಿತು. ಹಲ್ಲಿಲ್ಲದ ಬಾಯಿಯ ದನಿ. ಯಮನೂರಮ್ಮ ಊರು ಹೇಳಿದಳು.

"ನಾ ಬಸವಣ್ಣೆಮ್ಮ, ತಾವರಗೇರಾದಾಕಿ. ನಿನಗ ಕಣ್ಣು ಕಾಣಸ್ತಾವೇನ?"

"ಇಲ್ಲ. ನಿನಗ?"

"ಕಣ್ಣ ಛಲೋ ಅದಾವ. ಕೈ ನಡಗತಾವ, ಹೂವು ಹರದ ಹೋಕ್ಕಾವ."

"ನನಗ ಒಂದ ಕಣ್ಣ ಐತಿ," ಎಂದಿತು ಮೂಲೆಯ ಇನ್ನೊಂದು ದನಿ. ಹನುಮಸಾಗರದ ಮೆಹಜಬೀನ. "ಮೊಮ್ಮಗಳ ಜಾಗಾದಾಗ ಬಂದೇನಿ."

ಯಾರೋ ಕಿಸಕ್ಕೆಂದರು. ಒಬ್ಬಳಿಂದ ಒಬ್ಬಳಿಗೆ ನಗು ಹಬ್ಬಿತು. ಲಾರಿ ತುಂಬ ಮುದುಕಿಯರು, ಎಲ್ಲರೂ ತಂತಮ್ಮ ಊರಿನಲ್ಲಿ ಯಾರಿಗೂ ಕಾಣದಂತೆ ದಾರ ಬದಲಿಸಿ ಬಂದವರು. ಆಮೇಲೆ ನಗು ತಾನಾಗಿಯೇ ನಿಂತಿತು. ನೂರು ಒಳ್ಳೆಯ ಕೈಗಳ ನಡುವೆ ಒಂದು ಕೆಟ್ಟ ಕೈ ಮುಚ್ಚಿಹೋಗುತ್ತದೆ. ಕೈಗಳೆಲ್ಲ ಇಂಥವೇ ಆದರೆ?

"ಎಂಟ ದಿನದ ಹಿಂದ ಬ್ಯಾರೆ ಊರಿಂದ ಹೋದ ಲಾರ್‍ಯಾಗ ನಮ್ಮಂಥಾಕ್ಯಾರ ಇದ್ರೋ ಏನೋ," ಎಂದು ಮೆಹಜಬೀನ ಮೆಲ್ಲಗೆ ಹೇಳಿದಳು.

ಹಿಟ್ನಾಳದಲ್ಲಿ ಲಾರಿ ನಿಂತಿತು. ಎದುರಿನಿಂದ, ಹೊಳೆದಂಡೆಯ ಕಡೆಯಿಂದ ಬಂದ ಇನ್ನೊಂದು ಲಾರಿ ಪಕ್ಕದಲ್ಲೇ ನಿಂತಿತು. ಹರಿದ ತಾಡಪತ್ರಿಯ ಸಂದಿನಿಂದ ಬಸವಣ್ಣೆಮ್ಮ ಇಣುಕಿ, "ಖಾಲಿ ಐತಿ," ಎಂದಳು.

"ಎತ್ತಾಗ ಹೊಂಟಿ?" ಎಂದು ಈ ಡ್ರೈವರ್ ಕೂಗಿದ.

"ಕುಷ್ಟಗಿ ಕಡೆನ. ದಂಡಿ ಮ್ಯಾಲಿನ ಹೂವೆಲ್ಲಾ ಉದುರಿ ಬಿದ್ದಾವ. ಇನ್ನ ದಾರ ಗೀರ ನೋಡಬ್ಯಾಡ್ರಿ, ಸಣ್ಣ ವಯಸ್ಸಿನ ಹೆಣಮಕ್ಕಳನ್ನ ಅಷ್ಟೂ ಏರಿಸಿಕೊಂಡ ಬರ್ರಿ ಅಂದಾರ. ಇವತ್ತ, ಹೊತ್ತ ಮುಣಗೂದರೊಳಗ."

ಯಮನೂರಮ್ಮ ಜನರ ಕಾಲು ತುಳಿದುಕೊಂಡು ಮುಂದೆ ಹೋಗಿ ಸಂದಿಗೆ ಬಾಯಿಟ್ಟಳು. "ಏ ತಮ್ಮಾ, ನಮ್ಮೂರಿಗೆ ಹೋಗಬ್ಯಾಡಪೋ! ವಾಂತಿ-ಭೇದಿ ಎದ್ದೈತಿ, ಮನಿಗೊಂದ ಹೆಣ ಬಿದ್ದಾವ!"

"ತಾವರಗೇರಾದಾಗೂ ಎದ್ದೈತಿ!" ಎಂದು ಬಸವಣ್ಣೆಮ್ಮ ಚೀರಿದಳು.

"ಹನುಮಸಾಗರದಾಗ ಊರಿಗೂರ ಮಲಗೇತಿ!"

ಲಾರಿಯ ಮೂಲೆಮೂಲೆಯಿಂದ ಊರುಗಳ ಹೆಸರು ಎದ್ದವು.

ಆ ಡ್ರೈವರ್ ಹೊಟ್ಟೆ ಹಿಡಿದು ನಕ್ಕ. "ಎಲ್ಲಾ ಊರಾಗೂ ಒಂದ ಮುಂಜಾನಿಗೆ ಎದ್ದಬಿಡ್ತೇನಬೇ ನಿಮ್ಮ ಬ್ಯಾನಿ? ಕೂಡ್ರಿ ಸುಮ್ಮನ." ಗೇರು ಬಿದ್ದ ಸದ್ದಾಯಿತು. ಮುಂದೆ ಕೂತಿದ್ದ ಪ್ರಭುರಾಜ ಹಿಂತಿರುಗಿ ನೋಡಲಿಲ್ಲ.

ಖಾಲಿ ಲಾರಿ ಧೂಳೆಬ್ಬಿಸಿಕೊಂಡು ಕುಷ್ಟಗಿಯ ಹಾದಿ ಹಿಡಿಯಿತು. ಅದರ ಸದ್ದು ಅಡಗಿದ ಮೇಲೂ ಯಮನೂರಮ್ಮ ಕೂಗುತ್ತಲೇ ಇದ್ದಳು. ಸಹನಾ ಈ ಹೊತ್ತಿಗೆ ಶೇಡ್‌ನೆಟ್ಟಿನಲ್ಲಿ, ಅತ್ತೆ ಹೇಳಿದ ಹಾಗೆ, ಯಾರಿಗೂ ಸಂಶಯ ಬಾರದಂತೆ ಹೂವು ಆರಿಸುತ್ತಿರಬೇಕು.