ಬಲೆಯ ಗಂಟು

ಮನೆಯ ಹಿಂದೆಯೇ ಕಡಲು. ಅಂಗಳದಲ್ಲಿ ಮೀನು ಒಣಗಿಸುವಾಗ ನಾನು ಎರಡು ವರ್ಷದ ಮಗ ಚಂದ್ರನ ಸೊಂಟಕ್ಕೆ ಹಳೆ ಸೀರೆಯ ತುಂಡು ಸುತ್ತಿ ಜಗಲಿಯ ಕಂಬಕ್ಕೆ ಕಟ್ಟುತ್ತಿದ್ದೆ.

ಅಂದು ದೋಣಿ ನೀರಿಗೆ ಇಳಿದಿರಲಿಲ್ಲ. ಬಲೆ ಹೊಲಿಯುತ್ತ ಕೂತಿದ್ದ ಗಂಡನ ಕಣ್ಣಿಗೆ ಇದು ಬಿತ್ತು.

“ಎಂತಕ್ಕೆ ಮಾಣಿನ ಕರುವಿನ್ಹಾಂಗೆ ಕಟ್ಟಿದ್ದ್? ಬಾಯಲ್ ಹೇಳ್ರೆ ಕೇಂತ ಅವ” ಎಂದು ಬಿಚ್ಚಿಯೇಬಿಟ್ಟರು.

“ಹಾಂಗಾರೆ ನೀವೇ ಕಂಡ್ಕಣಿ!” ಎಂದು ನಾನೂ ಬೆನ್ನು ತಿರುಗಿಸಿದೆ.

“ಹೋಯ್ಬೇಡ ಮಗಾ” ಎಂಬ ಮಾತು ಮೊದಲು ಜಗಲಿಯಿಂದ ಕೇಳಿಸಿತು, ಆಮೇಲೆ ತೆಂಗಿನ ಬುಡದಿಂದ, ಕೊನೆಗೆ ಚೀರಾಟವಾಗಿ ನೀರಿನಿಂದ.

ತೊಯ್ದ ಮಗುವನ್ನು ಅವಚಿಕೊಂಡು ಬಂದವರು ನನ್ನ ಮುಖ ನೋಡದೆ ತಾವೇ ಕಂಬಕ್ಕೆ ಕಟ್ಟಿದರು. ಹಾಕಿದ್ದು ಬಲೆಯ ಗಂಟು. ಮಧ್ಯಾಹ್ನ ಗಂಜಿ ಉಣಿಸಲು ಬಿಚ್ಚಹೋದರೆ ನನ್ನ ಉಗುರು ಕಿತ್ತುಬಂತೇ ಹೊರತು ಗಂಟು ಬಿಡಲಿಲ್ಲ. ಸೀರೆಯ ತುಂಡನ್ನೇ ಹರಿದೆ.