ಅಧ್ಯಕ್ಷರ ಮನಿಗೆ ಬಂದ ಆಹೇರ

ಔರಾದ ಶಹಾಜನಿಯೊಳಗ ರಾಚಯ್ಯ ಸ್ವಾಮಿ ಆಹೇರ ಕೂಗಿದರ ಬಜಾರದ ಆ ತುದಿಗೆ ಕೇಳ್ತಿತ್ತು. ಲಗ್ನದೊಳಗ ಯಾರು ಏನು ಕೊಟ್ಟರೂ ಅಂವಾ ಎದ್ದು ನಿಂತು ಹೆಸರು ಹಿಡಿದು ಕೂಗಬೇಕು: "ವಲಾಂಡಿ ಮಾಣಿಕಪ್ಪನವರ ಕಡಿಂದ ಬೀಗರಿಗೆ ಒಂದು ಧೋತರ!" ನಾಕು ಮಂದಿ ಕಿವಿಗೆ ಬಿದ್ದರನ ಅದು ಆಹೇರ. ಇವತ್ತು ಕೊಟ್ಟವರ ಮನ್ಯಾಗ ನಾಳೆ ಲಗ್ನ ಬಂದರ ಅಷ್ಟೇ ತೂಕದ್ದು ತಿರುಗಿ ಮಾಡಬೇಕು. ತಪ್ಪಿದವರನ್ನ ಊರು ವರ್ಷಗಟ್ಟಲೆ ಆಡಿಕೊಳ್ತಿತ್ತು.

ಹೈದ್ರಾಬಾದ ರಾಜ್ಯ ಒಡದು ಈ ಸೀಮಿ ಮುಂಬೈ ರಾಜ್ಯಕ್ಕ ಸೇರಿದ ಮರುವರ್ಷ, ಪಂಚಾಯತಿ ಅಧ್ಯಕ್ಷ ಮನ್ಮಥಪ್ಪ ಮಗಳ ಲಗ್ನ ಮಾಡಿದ. ಧೋತರ, ಸೀರಿ ಮಾರೋ ಅರಬಿ ವ್ಯಾಪಾರದ ಸಾವಕಾರ. ಕೆಟ್ಟ ಮನುಷ್ಯ ಅಲ್ಲ ಬಿಡ್ರಿ, ಆದರ ದೊಡ್ಡಸ್ತಿಕಿ ಅಂದರ ಬಾಯಾಗ ನೀರು. ರಾಚಯ್ಯ ಇರೋ ಮನಿನೂ ಅವನದೇ, ಬಾಡಗಿ ಇಲ್ಲದ ಕೊಟ್ಟಿದ್ದ.

ಊರಾಗ ಸೂರ್ಯಕಾಂತ ಅನ್ನಾಂವನ ಇಸ್ಪೀಟ ಕ್ಲಬ್ ಇತ್ತು. ಅದಕ್ಕ ವರ್ಷಕ್ಕೊಮ್ಮೆ ಪರವಾನಗಿ ಕೊಡೋದು ಪಂಚಾಯತಿ. ಬರೋ ಸೋಮವಾರ ಅದರದೇ ಮೀಟಿಂಗ್. ರಾಚಯ್ಯಗ ಆ ಸೋಮವಾರದ್ದೇ ಚಿಂತಿ. ಅವನ ಅಳಿಯ ವೈಜನಾಥ ಅಡತಿ ಅಂಗಡ್ಯಾಗ ಜೋಳ ತೂಗಾಂವ, ಎತ್ತಿನಂಗ ದುಡಿಯಾಂವ. ಆದರ ಸಂತಿ ದಿನ ವಾರದ ಪಗಾರ ಕೈಗೆ ಬಂತೋ, ಕಾಲು ಸೀದಾ ಕ್ಲಬ್ಬಿಗೆ. ಮಗಳು ಕುಸುಮಬಾಯಿ ಈ ಲಗ್ನಕ್ಕ ನೆರಿಮನ್ಯಾಕಿ ಸೀರಿ ಕಡ ತಂದು ಉಟ್ಟಿದ್ದಳು. ಇನ್ನೊಂದು ವರ್ಷ ಕ್ಲಬ್ ನಡೆದರ ಆಕಿ ಸಂಸಾರ ಮುರಿಯೋದು ಖಾತ್ರಿ ಇತ್ತು.

ಅಕ್ಕಿಕಾಳು ಬಿದ್ದವು, ಆಹೇರ ಚಾಲೂ ಆತು. ಆಗ ಸೂರ್ಯಕಾಂತ ಬಂದ. ಹಿಂದ ಇಬ್ಬರು ಹಮಾಲರು, ಅವರ ಕೈಯಾಗ ಜರತಾರಿ ಅರಬಿ ಮುಚ್ಚಿದ ಪೆಟ್ಟಿಗಿ. ಅರಬಿ ಸರಿಸಿದರ ಏನದು, ಬ್ಯಾಟರಿ ರೇಡಿಯೋ! ಅಯ್ಯಯ್ಯ, ಇಡೀ ಔರಾದದಾಗ ಆಗ ಇದ್ದವು ಎರಡೇ.

ಮನ್ಮಥಪ್ಪ ಸರಸರ ಬಂದು ರಾಚಯ್ಯನ ಕಿವ್ಯಾಗ ಅಂದ, "ಸ್ವಾಮೇರ, ಇದನ್ನ ಕೂಗಬ್ಯಾಡ್ರಿ. ಸುಮ್ಮ ಒಳಗ ಇಡಸ್ರಿ. ಪ್ರೀತಿಲಿಂದ ಕೊಟ್ಟಾನ, ಅಷ್ಟೇ."

ಪ್ರೀತಿಯಂತ ಪ್ರೀತಿ! ಸೋಮವಾರ ಇನ್ನೂ ನಾಕು ದಿನ ಇರೂಮುಂದನ ಉಕ್ಕಿ ಹರದಿತ್ತು. ರಾಚಯ್ಯ ಮನಸಿನ್ಯಾಗ ಲೆಕ್ಕಾ ಹಾಕಿದ. ಕೂಗಿದರ ಇದ್ದ ಮನಿ ಹೋಗ್ತದ. ಕೂಗದಿದ್ದರ ಮಗಳ ಬಾಳೇ ಹೋಗ್ತದ. ಹೆಂಗಸರ ಕಡಿ ನೋಡಿದ. ಕುಸುಮ ಕಡದ ಸೀರಿಗೆ ಕಲಿ ಬೀಳಬಾರದಂತ ಸೆರಗು ಮುದುಡಿ ಹಿಡಕೊಂಡು ಕೂತಿದ್ದಳು.

ಎದ್ದು ನಿಂತ. "ಇಸ್ಪೀಟ ಕ್ಲಬ್ಬಿನ ಸೂರ್ಯಕಾಂತನವರ ಕಡಿಂದ, ಪಂಚಾಯತಿ ಅಧ್ಯಕ್ಷರಿಗೆ, ಒಂದು ರೇಡಿಯೋ!"

ಮನ್ಮಥಪ್ಪನ ಮುಖ ಸುಟ್ಟ ಬದನಿಕಾಯಿ ಆತು.

ಅವನ ತಾಯಿ ಚಂಪಾಬಾಯಿ, ಎಂಬತ್ತರ ಮುದುಕಿ, ಕಂಬಳಿ ಮ್ಯಾಲ ಎಲಿ ಮೆಲ್ಲತಾ ಕೂತಿದ್ದಳು. "ಮನ್ಮಥಾ, ಬಾ ಇಲ್ಲಿ" ಅಂದಳು. "ಆಹೇರ ತಗೊಂಡ ಮ್ಯಾಲ ತಿರುಗಿ ಮಾಡಬೇಕಲ್ಲಪಾ. ಇವನಿಗೆ ನೀ ಏನು ಮಾಡಾಂವಾ? ನಿನ್ನ ಅಂಗಡ್ಯಾಗ ಇರೋದು ಅರಬಿ. ಒಂದು ಧೋತರಕ್ಕಂತ ಇಷ್ಟು ದೊಡ್ಡ ಪೆಟ್ಟಿಗಿ ಹೊರಿಸಿಕೊಂಡು ಬಂದಾನೇನು?"

ಹಿಂದ ಯಾರೋ ಕಿಸಕ್ಕಂತ ನಕ್ಕರು.

"ಊರಿಂದು ತೆಗದು ಕೊಡಾಂವ ಇದ್ದರ ಊರನ್ನ ಕೇಳು. ಎಲ್ಲಾರೂ ಇಲ್ಲೇ ಕೂತಾರ."

ಮನ್ಮಥಪ್ಪ ರುಮಾಲಿನಿಂದ ಬೆವರು ಒರಸಿಕೊಂಡ. ರೇಡಿಯೋ ಕಡಿ ಒಮ್ಮೆ ನೋಡಿದ, ಆಸಿ ಎಲ್ಲಿ ಬಿಡ್ತದ! ಆಮ್ಯಾಲ ಕಷ್ಟಪಟ್ಟು ಅಂದ, "ಸೂರ್ಯಕಾಂತ, ಊಟ ಮಾಡಿಕೊಂಡು ಹೋಗಪಾ. ಹೋಗೂಮುಂದ ಇದನ್ನೂ ಒಯ್ಯಿ."

ಆವತ್ತೆಲ್ಲ ರಾಚಯ್ಯನ ಕಡಿ ತಿರುಗಿ ನೋಡಲಿಲ್ಲ. ರಾಚಯ್ಯ ಮನಿಗೆ ಬಂದು ಭಾಂಡಿ ಗಂಟು ಕಟ್ಟಿ ಇಟ್ಟ. ಹೊರಗ ಹಾಕಿಸಿಕೊಳ್ಳೋಕಿಂತ ತಾನೇ ಹೋಗೋದು ಚೊಲೋ ಅನಸ್ತು.

ಸೋಮವಾರ ಮೀಟಿಂಗ್ ಆತು. ಮೂರು ಮಂದಿ ಮೆಂಬರರಿಗೆ ಸೂರ್ಯಕಾಂತ ದಸರಾದಾಗ ಕೈಗಡಿಯಾರ ಕೊಟ್ಟಿದ್ದ. ಆ ದಿನ ಮೂವರ ಕೈಯೂ ಖಾಲಿ, ಟೈಮ್ ಕೇಳಿದರ ಸೂರ್ಯನ್ನ ನೋಡಿ ಹೇಳಿದರು. ಪರವಾನಗಿಗೆ ಒಬ್ಬನೂ ಕೈ ಎತ್ತಲಿಲ್ಲ.

ಸಂಜಿಮುಂದ ಮನ್ಮಥಪ್ಪ ರಾಚಯ್ಯನ ಬಾಗಿಲಿಗೆ ಬಂದ. ಗಂಟು ನೋಡಿ, "ಎತ್ತಾಗ ಹೊಂಟೀರಿ ಸ್ವಾಮೇರ? ಬಿಚ್ರಿ ಅದನ್ನ" ಅಂದ. "ನಿಮ್ಮ ಮ್ಯಾಲ ಸಿಟ್ಟದ, ಸುಳ್ಳ್ಯಾಕ ಹೇಳಲಿ. ಆದರ ನಿಮ್ಮ ಮನಿ ಬಿಡಿಸಿದರ ಅವ್ವ ನನ್ನ ಮನ್ಯಾಗ ಬಿಟ್ಟುಕೊಳ್ಳಂಗಿಲ್ಲ."

ಸಂತಿ ದಿನ ಬಂತು. ಕ್ಲಬ್ಬಿಗೆ ಕೀಲಿ ಬಿದ್ದಿತ್ತು. ವೈಜನಾಥ ಪಗಾರ ಮುಷ್ಟ್ಯಾಗ ಹಿಡಕೊಂಡು ಆ ಬಾಗಿಲ ಮುಂದ ಎಷ್ಟೋ ಹೊತ್ತು ನಿಂತ. ಬಾಜೂಕ ಗಾಜಿನ ಬಳಿ ಮಾರಾವರು ಕೂತಿದ್ದರು. ರಾಚಯ್ಯ ದೂರದಿಂದ ನೋಡ್ತಾ ನಿಂತಿದ್ದ. ಅಳಿಯ ಇವನ್ನ ಕಂಡು ತಲಿ ತಗ್ಗಿಸಿಕೊಂಡು ಬಂದ.

"ಮಾವನೋರ, ಕುಸುಮಾಗ ಯಾ ಬಣ್ಣದ ಬಳಿ ಸೇರ್ತಾವ್ರಿ?"

ಲಗ್ನ ಆಗಿ ಆರು ವರ್ಷ ಆಗಿದ್ದವು! ರಾಚಯ್ಯಗ ಸಿಟ್ಟೂ ಬಂತು, ನಗಿನೂ ಬಂತು, ಕಣ್ಣಾಗ ನೀರೂ ಬಂತು.

"ನನಗ್ಯಾಕ ಕೇಳ್ತೀರಿ? ಮನಿಗೆ ಹೋಗ್ರಿ. ಆಕಿನ್ನೇ ಬಜಾರಕ್ಕ ಕರಕೊಂಡು ಬರ್ರಿ."